ಉಪ್ಪಿನ ಪ್ಯಾಕೆಟ್ ಮೇಲೆ ತಾರೀಖು

ಭಾನುವಾರ, 3 ಆಗಸ್ಟ್ 2025, ದಾವಣಗೆರೆ

ನಿನ್ನೆ ಡಾಕ್ಟರ್ ಹತ್ರ ಹೋಗಿ ಬಂದೆ. ಸದ್ಯಕ್ಕೆ ಮಾತ್ರೆ ಬೇಡ, ಹೀಗೇ ಮುಂದುವರಿಸಿ, ಮೂರು ತಿಂಗಳು ಬಿಟ್ಟು ಬನ್ನಿ ಅಂದರು. ಏಪ್ರಿಲ್ ಕೊನೆಯಲ್ಲಿ ಇದೇ ಕುರ್ಚಿಯಲ್ಲಿ ಕೂತಾಗ ನನ್ನ ಬಿಪಿ 150/96 ಇತ್ತು. ಸಕ್ಕರೆ ಕಾಯಿಲೆ ಇಲ್ಲ, ಇಸಿಜಿ, ಕಿಡ್ನಿ ಎಲ್ಲ ಸರಿ ಇದೆ ಅಂತ ಗೊತ್ತಾದ ಮೇಲೇ ಅವರು ಮೂರು ತಿಂಗಳ ಗಡುವು ಕೊಟ್ಟಿದ್ದು. ಇದನ್ನು ಮೊದಲೇ ಹೇಳಿಬಿಡ್ತೀನಿ, ಯಾಕೆ ಅಂತ ಕೊನೆಗೆ ಗೊತ್ತಾಗುತ್ತೆ.

ಆವತ್ತು ಅವರು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಉಪ್ಪು ಬೇಕು? ನನಗೆ ಗೊತ್ತಿರಲಿಲ್ಲ. ನನ್ನ ಹೆಂಡತಿಗೂ ಗೊತ್ತಿರಲಿಲ್ಲ. ಅಕ್ಕಿ, ಬೇಳೆ, ಎಣ್ಣೆ ಎಷ್ಟು ಅಂದರೆ ನಿದ್ದೆಯಲ್ಲೂ ಹೇಳುತ್ತಾಳೆ, ಉಪ್ಪಿನ ಲೆಕ್ಕ ಯಾರು ಇಡ್ತಾರೆ, ಅಲ್ವಾ? ಮೇ 3ಕ್ಕೆ ಹೊಸ ಒಂದು ಕೆಜಿ ಪ್ಯಾಕೆಟ್ ಒಡೆದಾಗ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆದೆ. 26 ದಿನಕ್ಕೆ ಖಾಲಿ. ಮನೆಯಲ್ಲಿ ನಾವು ಮೂವರು, ಅಮ್ಮನೂ ಸೇರಿ. ಭಾಗಿಸಿ ನೋಡಿದರೆ ದಿನಕ್ಕೆ ಒಬ್ಬೊಬ್ಬರಿಗೆ ಹತ್ತಿರ ಹತ್ತಿರ 13 ಗ್ರಾಂ. ಅನ್ನ ಬಸಿದ ನೀರಿನಲ್ಲಿ, ಸೊಪ್ಪು ತೊಳೆದ ನೀರಿನಲ್ಲಿ ಒಂದಿಷ್ಟು ಹೋಯ್ತು ಅಂದುಕೊಂಡರೂ ಜಾಸ್ತಿನೇ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ಅದರಲ್ಲೇ ಹೊರಗಿನ ಮಿರ್ಚಿ, ಬೇಕರಿ ಖಾರ, ಎಲ್ಲ ಸೇರಬೇಕು.

ಆಮೇಲೆ ಉಪ್ಪು ಎಲ್ಲಿಗೆ ಹೋಗುತ್ತಿದೆ ಅಂತ ಹುಡುಕಿದ್ವಿ. ನಾನು ಸಾರಿನ ಮೇಲೆ ಅನುಮಾನಪಟ್ಟಿದ್ದೆ. ಸಾರಿಗಿಂತ ಅದರ ಪಕ್ಕದಲ್ಲಿದ್ದದ್ದೇ ಜಾಸ್ತಿ ಇತ್ತು. ಊಟಕ್ಕೆ ಕೂತರೆ ತಟ್ಟೆ ಅಂಚಿಗೆ ಮಾವಿನ ಉಪ್ಪಿನಕಾಯಿ, ಶೇಂಗಾ ಚಟ್ನಿಪುಡಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ, ಕೊನೆಗೆ ಮಜ್ಜಿಗೆಗೆ ಒಂದು ಚಿಟಿಕೆ ಉಪ್ಪು. ಬಿಪಿ ಏರಿಸುವ ಸೋಡಿಯಂ ಉಪ್ಪಿನಲ್ಲಷ್ಟೇ ಅಲ್ಲ, ಹಪ್ಪಳದ ಹಿಟ್ಟಿಗೆ ಹಾಕುವ ಸೋಡಾದಂಥ ಕ್ಷಾರದಲ್ಲೂ ಇರುತ್ತೆ ಅನ್ನೋದು ನನಗೆ ಹೊಸ ವಿಷಯ. ಸಂಜೆಗೆ ಮಂಡಕ್ಕಿ ಮಿರ್ಚಿ ಬೇರೆ, ನಮ್ಮೂರಲ್ಲಿ ಅದನ್ನ ಬಿಡು ಅನ್ನೋದು ಸುಲಭದ ಮಾತಲ್ಲ. ವಾರಕ್ಕೊಮ್ಮೆ ಅಂತ ಇಟ್ಟುಕೊಂಡೆ. ಅಷ್ಟು ಬೇಕು.

ಉಪ್ಪಿನಕಾಯಿ ಜಾಡಿ ಮೇಜಿನಿಂದ ಅಟ್ಟಕ್ಕೆ ಹೋಯ್ತು. ಮೊದಲ ಎರಡು ವಾರ ಎಲ್ಲ ಸಪ್ಪೆ. ಹೆಂಡತಿ ನಿಂಬೆರಸ, ಹುಣಸೆಹುಳಿ, ಹುರಿದ ಜೀರಿಗೆ ಜಾಸ್ತಿ ಮಾಡಿದಳು. ಜೋಳದ ರೊಟ್ಟಿಗೆ ಹೇಗೂ ಉಪ್ಪು ಹಾಕಲ್ಲ, ಅದು ಒಳ್ಳೆಯದಾಯ್ತು. ಮೂರನೇ ವಾರವೋ ನಾಲ್ಕನೇ ವಾರವೋ ಒಂದು ಮದುವೆ ಊಟಕ್ಕೆ ಹೋದಾಗ ಅಲ್ಲಿನ ಸಾರು ನಾಲಿಗೆಗೆ ಕಟುವಾಗಿ ಹತ್ತಿತು, ನನ್ನ ನಾಲಿಗೆ ಬದಲಾಗಿದೆ ಅಂತ ತಿಳಿದದ್ದೇ ಆವತ್ತು. ಎರಡನೇ ಪ್ಯಾಕೆಟ್ 50 ದಿನ ಬಂತು. ಒಬ್ಬರಿಗೆ ಆರೂವರೆ ಗ್ರಾಂ ಚಿಲ್ಲರೆ. ಇನ್ನೂ ಇಳಿಯಬೇಕು.

ಉಪ್ಪೊಂದೇ ಅಲ್ಲ. ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ಅರ್ಧ ಗಂಟೆ ಬಿರುಸಾಗಿ ನಡೀತೀನಿ, ವಾರಕ್ಕೆ ಐದು ದಿನ. ತೂಕ 81ರಿಂದ 77ಕ್ಕೆ ಬಂದಿದೆ. 1997ರಲ್ಲಿ ಪ್ರಕಟವಾದ ಡ್ಯಾಶ್ ಅನ್ನೋ ಅಮೆರಿಕದ ಅಧ್ಯಯನದ ಬಗ್ಗೆ ಡಾಕ್ಟರ್ ಹೇಳಿದ್ದರು. ಅದರಲ್ಲಿ ಉಪ್ಪು ಕಡಿಮೆ ಮಾಡದೇ, ಹಣ್ಣು, ತರಕಾರಿ, ಕೊಬ್ಬು ಕಡಿಮೆ ಇರುವ ಹಾಲು ಮೊಸರು ಜಾಸ್ತಿ ಕೊಟ್ಟೇ ಬಿಪಿ ಇಳಿದಿತ್ತಂತೆ. ನಮಗೆ ಅದು ಹೊಸ ಅಡುಗೆಯೇನಲ್ಲ. ಸೊಪ್ಪಿನ ಪಲ್ಯ, ಮೊಳಕೆ ಕಾಳು, ಬಾಳೆಹಣ್ಣು, ಕೆನೆ ತೆಗೆದ ಮಜ್ಜಿಗೆ, ಅಷ್ಟೇ.

ಬಿಪಿ ಮಿಷನ್ ಬಗ್ಗೆಯೂ ಒಂದು ಮಾತು. ಮೊದಮೊದಲು ಮೆಟ್ಟಿಲು ಹತ್ತಿ ಬಂದವನೇ ಪಟ್ಟಿ ಸುತ್ತಿಕೊಂಡು, ಮಾತಾಡ್ತಾ ಮಾತಾಡ್ತಾ ನೋಡಿಕೊಂಡು, ಜಾಸ್ತಿ ಬಂತಂತ ಹೆದರಿ ಮತ್ತೆ ನೋಡ್ತಿದ್ದೆ. ಈಗ ಕಾಫಿಗೆ ಮುಂಚೆ, ಬೆನ್ನು ಒರಗಿಸಿ, ಎರಡೂ ಪಾದ ನೆಲಕ್ಕೆ ಊರಿ, ಕೈ ಮೇಜಿನ ಮೇಲಿಟ್ಟು ಐದು ನಿಮಿಷ ಸುಮ್ನೆ ಕೂರ್ತೀನಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ ಬರೆದಿಡ್ತೀನಿ. ಹೋದ ವಾರದ ಸರಾಸರಿ 132/84. ಮನೆಯಲ್ಲಿ ನೋಡಿಕೊಂಡಾಗ 135/85ರ ಒಳಗಿರಬೇಕು, ಹಾಗಾಗಿ ಗೆರೆಯ ಈಚೆಗೆ ಈಗಷ್ಟೇ ಬಂದಿದ್ದೇನೆ.

ಇದನ್ನೆಲ್ಲ ಖುಷಿಯಿಂದ ಹೇಳ್ತಾ ಇದ್ದಾಗ ಅಮ್ಮ ಅಂದರು, "ನೀನು ಮಾತ್ರೆ ಇಲ್ದಂಗೆ ಇಳಿಸ್ಕೊಂಡೆಲ್ಲೋ, ನಾನೂ ನಾಳೆಯಿಂದ ಬಿಟ್ಟುಬಿಡ್ತೀನಿ." ನನ್ನೆದೆ ಧಸಕ್ಕೆಂದಿತು. ಅಮ್ಮನಿಗೆ 71. ಹನ್ನೆರಡು ವರ್ಷದಿಂದ ಬಿಪಿ ಮಾತ್ರೆ, ಕಿಡ್ನಿಯೂ ಸ್ವಲ್ಪ ಸೋತಿದೆ. ಅವರ ಬಿಪಿ ಸರಿಯಾಗಿರೋದೇ ಆ ಮಾತ್ರೆಯಿಂದ. ಒಮ್ಮೆಲೇ ಬಿಟ್ಟರೆ ಏರಬಹುದು, ಪಾರ್ಶ್ವವಾಯು ಆಗಬಹುದು. ತಲೆನೋವು, ತಲೆಸುತ್ತು ಏನೂ ಇಲ್ಲದೇನೇ ಬಿಪಿ ಏರಿರುತ್ತೆ ಅನ್ನೋದೇ ದೊಡ್ಡ ಕಷ್ಟ. ಬಾವಮೈದುನ ಒಳ್ಳೆಯ ಮನಸ್ಸಿನಿಂದ ಸೋಡಿಯಂ ಕಡಿಮೆ ಇರುವ ಉಪ್ಪು ತಂದುಕೊಟ್ಟಿದ್ದ, ಅದನ್ನೂ ವಾಪಸ್ ಕಳಿಸಿದೆ. ಅದರಲ್ಲಿ ಪೊಟ್ಯಾಸಿಯಂ ಇರುತ್ತೆ, ಕಿಡ್ನಿ ಸೋತವರ ರಕ್ತದಲ್ಲಿ ಅದು ಏರಿದರೆ ಹೃದಯಕ್ಕೇ ಅಪಾಯ. ದಿನಾ ಎಳನೀರು ಕುಡಿಸೋದನ್ನೂ ಅದಕ್ಕೇ ನಿಲ್ಲಿಸಿದ್ವಿ.

ಪಕ್ಕದಲ್ಲಿ ಕೂತು ಹೇಳಿದೆ, ನಿನಗೆ ಮಾತ್ರೆಯೂ ಬೇಕು, ಕಡಿಮೆ ಉಪ್ಪೂ ಬೇಕು, ಎಷ್ಟು ಕಡಿಮೆ ಮಾಡಬೇಕು ಅನ್ನೋದನ್ನ ಡಾಕ್ಟರ್ ಹೇಳ್ತಾರೆ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಆ ಪ್ಯಾಕೆಟ್ ಮೇಲೆ ಈ ಸಲ ತಾರೀಖು ನಾನೇ ಬರೀತೀನಿ" ಅಂದರು. ಮೂರನೇ ಪ್ಯಾಕೆಟ್ ಜುಲೈ 20ಕ್ಕೆ ಒಡೆದದ್ದು, ಇನ್ನೂ ಮುಕ್ಕಾಲು ಭಾಗದ ಮೇಲಿದೆ. ಮುಂದಿನದು ಅವರ ಪಾಲಿಗೆ. ರಾತ್ರಿ ಮಾತ್ರೆ ನುಂಗಿಸಿ ಬಂದು ಇದನ್ನು ಬರೆದೆ.