ವೀರಗಲ್ಲನ್ನು ಕೆಳಗಿನಿಂದ ಓದಿ

ಮಂಡ್ಯ ಸೀಮೆಯಲ್ಲಿ ಊರ ಬಾಗಿಲಲ್ಲೋ ಕೆರೆ ಏರಿ ಮೇಲೋ ಕಾಳಗದಲ್ಲಿ ಸತ್ತವನ ನೆನಪಿಗೆ ನಿಲ್ಲಿಸಿದ ವೀರಗಲ್ಲು ಕಾಣಸಿಗುತ್ತದೆ. ಶೌರ್ಯದ ಕಲ್ಲು ಅಂತ ಒಂದು ಫೋಟೊ ಹೊಡೆದು ಹೊರಟುಬಿಡುತ್ತಾರೆ. ಆದರೆ ಹೆಮ್ಮೆ, ಸಂಕಟ, ಸತ್ತವನ ಮನೆಯವರಿಗೆ ಸಿಕ್ಕ ಹೊಲ, ಎಲ್ಲವೂ ಆ ಒಂದೇ ಕಲ್ಲಿನಲ್ಲಿ ಇರಬಹುದು.

ಕಲ್ಲಿನ ಚಿತ್ರಗಳು ಒಂದರ ಮೇಲೊಂದು ಅಡ್ಡ ಸಾಲುಗಳಲ್ಲಿ, ಅಂದರೆ ಪಟ್ಟಿಕೆಗಳಲ್ಲಿ ಇರುತ್ತವೆ. ಓದುವುದು ಕೆಳಗಿನ ಪಟ್ಟಿಕೆಯಿಂದ. ಅಲ್ಲಿ ಕಾಳಗ. ನಡುವೆ ಅಪ್ಸರೆಯರು ಸತ್ತವನನ್ನು ಮೇಲಕ್ಕೊಯ್ಯುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ಬಳೆ ತೊಟ್ಟ ಕೈಯೊಂದು ಎತ್ತಿದಂತೆ ಕೆತ್ತಿದ್ದರೆ ಅದು ಮಾಸ್ತಿಯ ಗುರುತು. ಗಂಡನ ಹಿಂದೆ ಬೆಂಕಿಗೆ ಹೋದವಳ ಕೈ. ಅವನ ಸ್ವರ್ಗ ನೋಡಿ ಆ ಕೈ ನೋಡದಿರುವುದು ಅನ್ಯಾಯ.

ತೊಡಕು ಇರುವುದು ನೆಲದಲ್ಲಿ. ವರ್ಷವರ್ಷ ಮಣ್ಣು ಏರಿದಂತೆ ಮೊದಲು ಹೂತುಹೋಗುವುದು ಕಾಳಗದ ಪಟ್ಟಿಕೆಯೇ. ಕಣ್ಣಿಗೆ ಬೀಳುವುದು ಬರೀ ಸ್ವರ್ಗ. ನೀವೇ ಅಗೆಯಬೇಡಿ, ಕಲ್ಲು ವಾಲುತ್ತದೆ. ಮೈಸೂರಿನ ಪುರಾತತ್ವ ಇಲಾಖೆಗೆ ತಿಳಿಸಿ.

ಅಕ್ಷರಗಳು ಹೆಚ್ಚಾಗಿ ಪಟ್ಟಿಕೆಗಳ ನಡುವಿನ ಅಂಚಿನಲ್ಲಿರುತ್ತವೆ. ನಡುಮಧ್ಯಾಹ್ನ ಏನೂ ಕಾಣದು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಬೇಕು, ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ತಾಗಿದಂತೆ ಪಕ್ಕದಿಂದ ಹಿಡಿಯಬೇಕು. ಮೆತ್ತನೆಯ ಒಣ ಬ್ರಷ್ ಸಾಕು. ತಂತಿ ಬ್ರಷ್ ಹಾಕಿದರೆ ಅಕ್ಷರದ ಅಂಚು ಉದುರುತ್ತದೆ. ಸೀಮೆಸುಣ್ಣದಿಂದ ತಿದ್ದಿದರೆ ಆಮೇಲೆ ಓದುವುದು ನೀವು ಬರೆದದ್ದನ್ನೇ.

ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲು ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ನೋಡಲೇಬೇಕು. 949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ. ಬೂತುಗನ ಭಂಟ ಮಣಲೇರ ಅಲ್ಲಿ ಹೋರಾಡಿದ. ದೊರೆ ಮೆಚ್ಚಿ ಏನು ಬೇಕು ಎಂದರೆ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆಮೇಲೆ ಆ ಕಾಳಿಯನ್ನು ಹಂದಿಯ ಮೇಲೆ ಬಿಟ್ಟರು, ಎರಡೂ ಸತ್ತವು. ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಕೆತ್ತಿರುವುದು ನಾಯಿ, ಹಂದಿಯ ಕಾದಾಟವನ್ನೇ. ಚೋಳರ ಮೇಲಿನ ಗೆಲುವು ಅಕ್ಷರದಲ್ಲಿ ಮಾತ್ರ. ಅಷ್ಟು ದೊಡ್ಡ ಯುದ್ಧ ಗೆದ್ದು ಬಂದವನ ಮನಸ್ಸು ಎಲ್ಲಿತ್ತು ಎಂದು ಆ ಕಲ್ಲೇ ತೋರಿಸುತ್ತದೆ.

ಓದು ತಪ್ಪಿದರೆ ಎಷ್ಟು ಕೆಡುತ್ತದೆ ಎಂಬುದಕ್ಕೂ ಇದೇ ಕಲ್ಲು ಸಾಕ್ಷಿ. ಮೊದಲು ಓದಿದ ಬ್ರಿಟಿಷ್ ಶಾಸನತಜ್ಞ ಫ್ಲೀಟ್, ಬೂತುಗ ರಾಜಾದಿತ್ಯನನ್ನು ಮೋಸದಿಂದ ಇರಿದನೆಂದು ತಿಳಿದರು. ಮುಂದೆ ತಿದ್ದಿದ ಓದಿನಂತೆ ಆನೆಯ ಅಂಬಾರಿಯನ್ನೇ ರಣರಂಗ ಮಾಡಿಕೊಂಡು ಕೊಂದ. ಚೋಳರ ತಾಮ್ರಶಾಸನವೂ ರಾಜಾದಿತ್ಯ ಆನೆಯ ಮೇಲೆಯೇ ಮಡಿದು ವೀರಸ್ವರ್ಗ ಸೇರಿದನೆನ್ನುತ್ತದೆ. ಆತಕೂರಿನ ಕಲ್ಲು ನೋಡಹೊರಟವರು ಅದನ್ನೂ ಜೊತೆಗಿಟ್ಟು ಓದಿ.