ನಿರೀಕ್ಷಿತ ಶ್ರೇಣಿ ಕಡಿಮೆಯಿದ್ದಾಗ ವೈದ್ಯಕೀಯಕ್ಕೆ ಅರ್ಜಿ

ಇಂಗ್ಲೆಂಡಿನಲ್ಲಿ ಎ-ಲೆವೆಲ್ (ನಮ್ಮ ಪಿಯುಸಿಯಂಥದು) ಓದುತ್ತಿರುವ ಅಕ್ಕನ ಮಗಳಿಗೆ ಶಿಕ್ಷಕರು ‘ಎಬಿಬಿ’ ಎಂಬ ನಿರೀಕ್ಷಿತ ಶ್ರೇಣಿ, ಅಂದರೆ ಮೂರು ವಿಷಯಗಳಲ್ಲಿ ಬರಬಹುದಾದ ಶ್ರೇಣಿಗಳ ಅಂದಾಜು, ಕೊಟ್ಟಿದ್ದಾರೆ. ಅಲ್ಲಿನ ಹೆಚ್ಚಿನ ವೈದ್ಯಕೀಯ ಕಾಲೇಜುಗಳು ಕೇಳುವುದು ‘ಎಎಎ’. ವೈದ್ಯಕೀಯ ಪ್ರವೇಶಕ್ಕಾಗಿ ಬರೆಯುವ ಯುಕ್ಯಾಟ್ (UCAT) ಪರೀಕ್ಷೆಯ ಅಂಕವೂ ಹೇಳಿಕೊಳ್ಳುವಷ್ಟಿಲ್ಲ, ಆ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾತ್ರ ಬರೆಯಬಹುದು. ಆದರೆ ಅಂಕ ಕೈಸೇರಿದ ಮೇಲೆಯೇ ಅರ್ಜಿಯ ಅಕ್ಟೋಬರ್ 15ರ ಗಡುವು ಬರುವುದರಿಂದ, ಆ ಪರೀಕ್ಷೆಗೆ ಕಡಿಮೆ ತೂಕ ಕೊಡುವ ಕಾಲೇಜುಗಳನ್ನು ಹುಡುಕಲು ಅವಕಾಶವಿದೆ. ವೈದ್ಯಕೀಯಕ್ಕೆ ನಾಲ್ಕೇ ಆಯ್ಕೆಗಳು. ಐದನೆಯದನ್ನು ಬಯೋಮೆಡಿಕಲ್ ಸೈನ್ಸ್‌ನಂಥ ಬೇರೆ ಕೋರ್ಸಿಗೆ ಇಟ್ಟುಕೊಳ್ಳಬಹುದು.

ನನ್ನನ್ನು ಕೇಳಿದರೆ, ಒಂದು ವರ್ಷ ತಡೆದು, ಆಗಸ್ಟ್‌ನಲ್ಲಿ ಬರುವ ನಿಜವಾದ ಫಲಿತಾಂಶ ಚೆನ್ನಾಗಿದ್ದರೆ ಅದನ್ನೇ ಹಿಡಿದು ಅರ್ಜಿ ಹಾಕುವುದು ಮೇಲು, ಏಕೆಂದರೆ ಆಗ ಶಿಕ್ಷಕರ ಅಂದಾಜಿನ ಹಂಗಿರುವುದಿಲ್ಲ. (‘ವರ್ಷ ದಂಡವಾಯಿತಲ್ಲೇ’ ಎಂದು ಧಾರವಾಡದಿಂದ ಅಜ್ಜಿ ಫೋನಿನಲ್ಲಿ ಹಲುಬುವುದು ಬೇರೆ ಮಾತು.) ಯುಕ್ಯಾಟನ್ನು ಮಾತ್ರ ಹೊಸದಾಗಿ ಬರೆಯಲೇಬೇಕು, ಹಳೆಯ ಅಂಕ ಮರುವರ್ಷದ ಅರ್ಜಿಗೆ ಸಲ್ಲದು.