ಹೆಸರಲ್ಲಿ ಮಾತ್ರ ಡಿಸ್ಕೋ

ಅಮೆರಿಕದ ಗಾಯಕ ಜಾನಿ ಟೇಲರ್‌ನ 'ಡಿಸ್ಕೋ ಲೇಡಿ' ಹಾಡನ್ನು ನಾನು ವರ್ಷಗಟ್ಟಲೆ ಕೇಳಲೇ ಇಲ್ಲ. ಕಾರಣ ಅದರ ಹೆಸರು, ಅಷ್ಟೇ. ಟೇಲರ್ ಅಂದರೆ ನನಗೆ 1968ರ 'ಹೂಸ್ ಮೇಕಿಂಗ್ ಲವ್'. ಸ್ಟ್ಯಾಕ್ಸ್ ರೆಕಾರ್ಡ್ ಕಂಪನಿಯ ಒರಟು ಸೋಲ್, ಅಂದರೆ ಕಪ್ಪು ಅಮೆರಿಕನ್ನರ ಭಾವತುಂಬಿದ ಹಾಡುಗಾರಿಕೆ. ಅಂಥವನು ಡಿಸ್ಕೋ ಹಾಡಿದ್ದಾನೆ ಅಂದರೆ ಹೊಟ್ಟೆಪಾಡಿಗೆ ಇರಬೇಕು ಅಂದುಕೊಂಡು ಮುಂದಿನ ಹಾಡಿಗೆ ಹೋಗಿಬಿಡುತ್ತಿದ್ದೆ.

ಮೊನ್ನೆ ರಾತ್ರಿ ಪಾತ್ರೆ ತೊಳೆಯುತ್ತಿದ್ದೆ. ಎರಡೂ ಕೈ ತುಂಬಾ ಸೋಪಿನ ನೊರೆ. ಅದೇ ಹೊತ್ತಿಗೆ ಈ ಹಾಡು ಶುರುವಾಯಿತು. ಫೋನ್ ಮುಟ್ಟುವ ಹಾಗಿರಲಿಲ್ಲ. ಸರಿ, ಕೇಳಿದೆ.

ಡಿಸ್ಕೋ ಅಂದರೆ ದೊಡ್ಡ ಡ್ರಮ್ಮು ನಾಲ್ಕೂ ಏಟಿಗೆ ಒಂದೇ ಸಮ ಧಬ್ ಧಬ್ ಅನ್ನಬೇಕು, ನಡುನಡುವೆ ಹೈ-ಹ್ಯಾಟ್ ಅನ್ನುವ ಜೋಡಿ ತಾಳ ತ್ಸ್ ತ್ಸ್ ಅನ್ನಬೇಕು, ಅಲ್ವಾ? ಇಲ್ಲಿ ಆ ಅವಸರವೇ ಇಲ್ಲ. ತಾಳ ಸ್ವಲ್ಪ ಹಿಂದಕ್ಕೆ ವಾಲಿಕೊಂಡು ಆರಾಮಾಗಿ ನಡೆಯುತ್ತದೆ. ಬೇಸ್ ಗಿಟಾರ್ ಅಂತೂ ಜಿಗುಟು ಬೆಲ್ಲದ ಪಾಕ. ನುಡಿಸಿದ್ದು ಬೂಟ್ಸಿ ಕಾಲಿನ್ಸ್. ಕೀಬೋರ್ಡ್ ಬರ್ನಿ ವೊರೆಲ್‌ದು. ಇಬ್ಬರೂ ಜಾರ್ಜ್ ಕ್ಲಿಂಟನ್‌ನ ಫಂಕ್ ಗುಂಪಿನವರು! ಫಂಕ್ ಅಂದರೆ ಬೇಸ್ ಮತ್ತು ತಾಳವೇ ಮುಂದೆ ನಿಂತು ನಡೆಸುವ ಸಂಗೀತ. ಇದು ಅಪ್ಪಟ ಫಂಕ್. ಡಿಸ್ಕೋ ಇರುವುದು ಸಾಹಿತ್ಯದಲ್ಲಿ ಮಾತ್ರ.

ಸಾಹಿತ್ಯದಲ್ಲೂ ನೋಡಿ, ಕುಣಿಯುವವಳು ಅವಳು. ಇವನು ಹೆಚ್ಚಾಗಿ ಅವಳನ್ನು ನೋಡುವವನು. ಹಾಡುವ ಗಂಟಲು ಮಾತ್ರ ಹಳೆಯದೇ. ಸ್ಯಾಮ್ ಕುಕ್ ಬಿಟ್ಟುಹೋದ ಜಾಗಕ್ಕೆ ಸೋಲ್ ಸ್ಟಿರರ್ಸ್ ತಂಡ ಸೇರಿ ಗಾಸ್ಪೆಲ್, ಅಂದರೆ ಚರ್ಚಿನ ಭಕ್ತಿಗೀತೆ, ಹಾಡಿದ್ದ ಗಂಟಲು. ಟೇಲರ್ ಡಿಸ್ಕೋದ ಬಾಗಿಲವರೆಗೆ ಬಂದು ಚಪ್ಪಲಿ ಬಿಡದೆ ಹೊರಗೇ ನಿಂತ ಹಾಗೆ ನನಗೆ ಕೇಳಿಸುತ್ತದೆ.

ಆ ಹೊತ್ತಿಗೆ ಅವನಿಗೆ ಬೇರೆ ದಾರಿ ಏನಿತ್ತು ಅಂತಲೂ ಅನಿಸುತ್ತದೆ. 1975ರ ಕೊನೆಗೆ ಸ್ಟ್ಯಾಕ್ಸ್ ದಿವಾಳಿಯಾಯಿತು. ಟೇಲರ್ ಕೊಲಂಬಿಯಾ ರೆಕಾರ್ಡ್ ಕಂಪನಿ ಸೇರಿದ. ಹಳೆಯ ನಿರ್ಮಾಪಕ ಡಾನ್ ಡೇವಿಸ್ ಜೊತೆಗೇ ಇದ್ದ. 1976ರಲ್ಲಿ ಈ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿ ಕೂತಿತು. ಅಮೆರಿಕದಲ್ಲಿ ಭಾರೀ ಮಾರಾಟಕ್ಕೆ ಕೊಡುವ ಪ್ಲಾಟಿನಂ ಮಾನ್ಯತೆ ಪಡೆದ ಮೊದಲ ಸಿಂಗಲ್ (ಬಿಡಿ ಹಾಡಿನ ರೆಕಾರ್ಡು) ಇದೇ. ಆಗ ಅದಕ್ಕೆ ಇಪ್ಪತ್ತು ಲಕ್ಷ ಪ್ರತಿ ಬೇಕಿತ್ತು.

ಆಮೇಲೆ 'ಡಿಸ್ಕೋ' ಅನ್ನುವ ಪದ ಅವನ ಬೆನ್ನು ಬಿಡಲಿಲ್ಲ. ಮರುವರ್ಷವೇ 'ಡಿಸ್ಕೋ 9000' ಅನ್ನುವ ಸಿನಿಮಾಕ್ಕೆ ಹಾಡಿದ. ಅಷ್ಟು ದೊಡ್ಡ ಹಿಟ್ ಮತ್ತೆ ಬರಲಿಲ್ಲ. 1980ರ ದಶಕದಲ್ಲಿ ಮಿಸಿಸಿಪ್ಪಿಯ ಜ್ಯಾಕ್ಸನ್‌ನ ಮಲಾಕೋ ಕಂಪನಿಗೆ ಹೋಗಿ, 2000ದಲ್ಲಿ ತೀರಿಕೊಳ್ಳುವವರೆಗೂ ಬ್ಲೂಸ್, ಸೋಲ್ ಅಂತ ತನ್ನ ಪಾಡಿಗೆ ಹಾಡಿಕೊಂಡಿದ್ದ. ಆ ರೆಕಾರ್ಡುಗಳೇ ನನಗೆ ಜಾಸ್ತಿ ಇಷ್ಟ, ಈಗಲೂ.

ಆದರೆ ಮೊನ್ನೆ ಕೈ ಒರೆಸಿಕೊಂಡು ಹಾಕಿದ್ದು ಅವನ್ನಲ್ಲ. 'ಡಿಸ್ಕೋ ಲೇಡಿ'ಯನ್ನೇ ಮತ್ತೆ ಮೊದಲಿಂದ ಹಾಕಿದೆ. ಸುಮ್ನೆ, ಆ ಬೇಸ್ ಕೇಳೋಕೆ.